ಜ್ವರ ಬಿಟ್ಟ ಮೇಲಿನ ಮೂರು ವಾರ: ಮನೆಯಲ್ಲಿ ಶುಗರ್ ಇರುವವರನ್ನು ನೋಡಿಕೊಳ್ಳುವುದು ಹೇಗೆ

ನಮ್ಮತ್ತೆಗೆ 67 ವರ್ಷ. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ದಾವಣಗೆರೆಯ ನಮ್ಮ ಮನೇಲಿ ಎಲ್ಲರಿಗೂ ವೈರಲ್ ಜ್ವರ. ಮಕ್ಕಳು ನಾಲ್ಕು ದಿನಕ್ಕೆ ಎದ್ದು ಸ್ಕೂಲಿಗೆ ಹೋದರು. ಅತ್ತೆಗೆ ಆರನೇ ದಿನ ಜ್ವರ ಬಿಟ್ಟಿತು, ಆದರೆ ಉಬ್ಬಸ ಉಳಿಯಿತು. ಡಾಕ್ಟರು ಐದು ದಿನ ಬೆಳಗ್ಗೆ ತಿಂಡಿಯಾದ ಮೇಲೆ ನುಂಗಲು ಸ್ಟೀರಾಯ್ಡ್ ಮಾತ್ರೆ ಬರೆದರು.

ನಾನು ದಿನಾ ಖಾಲಿ ಹೊಟ್ಟೆಯಲ್ಲಿ ಶುಗರ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. 132, 128, 140. ನಿಶ್ಚಿಂತೆಯಾಗಿದ್ದೆ. ಮೂರನೇ ದಿನ ಸಂಜೆ ಅವರು ಮತ್ತೆ ಮತ್ತೆ ಚೊಂಬು ತುಂಬ ನೀರು ಕೇಳಿದಾಗ ಅನುಮಾನ ಬಂದು ಬೆರಳು ಚುಚ್ಚಿದೆ. 356.

ಮೊದಲು ತಿಳಿಯಬೇಕಾದದ್ದು ಇದೇ. ಬೆಳಗ್ಗೆ ನುಂಗಿದ ಸ್ಟೀರಾಯ್ಡ್ ಮಧ್ಯಾಹ್ನದಿಂದ ರಾತ್ರಿವರೆಗೆ ಶುಗರ್ ಏರಿಸುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಖಾಲಿ ಹೊಟ್ಟೆಯ ಲೆಕ್ಕ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಂದು ಸಲ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ನೋಡಿ. ಕ್ಯಾಲೆಂಡರಿನ ಮನೆಯಲ್ಲಿ ಮೇಲೆ ಬೆಳಗಿನದು, ಕೆಳಗೆ ಸಂಜೆಯದು ಬರೆಯಿರಿ. ಆ ಕ್ಯಾಲೆಂಡರಿನ ಫೋಟೋ ತೋರಿಸಿದ ತಕ್ಷಣ ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು. ಸ್ಟೀರಾಯ್ಡ್ ನಿಂತ ಮೇಲೆ ಹೆಚ್ಚಿಸಿದ್ದನ್ನು ಇಳಿಸಬೇಕು ಎನ್ನುವುದನ್ನೂ ಆಗಲೇ ಕೇಳಿಟ್ಟುಕೊಳ್ಳಿ. ನಾನು ಕೇಳಿರಲಿಲ್ಲ. ಕೋರ್ಸ್ ಮುಗಿದ ಎರಡನೇ ದಿನ ಅತ್ತೆ ಬೆವೆತು ನಡುಗತೊಡಗಿದರು, ನೋಡಿದರೆ 64. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಚುಚ್ಚುವ ಮುಂಚೆ ಸೋಪಿನಲ್ಲಿ ಕೈ ತೊಳೆಸಿ ಒರೆಸಿ. ಒಮ್ಮೆ ಬಾಳೆಹಣ್ಣು ಸುಲಿದ ಕೈಯಲ್ಲೇ ನೋಡಿದಾಗ 290 ಬಂತು. ತೊಳೆದು ನೋಡಿದರೆ 188. ಬೆರಳಿನ ಮೇಲಿನ ಸಿಹಿಯನ್ನೂ ಆ ಯಂತ್ರ ರಕ್ತದ ಲೆಕ್ಕಕ್ಕೇ ಸೇರಿಸುತ್ತದೆ.

ಇಷ್ಟೆಲ್ಲ ಯಾಕೆ ಅಂತೀರಾ? ಸೋಂಕು ಎಲ್ಲಿದೆಯೋ ಅಲ್ಲಿಗೆ ಹೋಗಿ ರೋಗಾಣುವನ್ನು ನುಂಗುವುದು ಬಿಳಿ ರಕ್ತಕಣಗಳ ಕೆಲಸ. ಶುಗರ್ ಏರಿಯೇ ಇದ್ದರೆ ಅವು ಅಲ್ಲಿಗೆ ತಲುಪುವುದೂ ತಡ, ನುಂಗುವುದೂ ಕಮ್ಮಿ. ಹೊಟ್ಟೆಯ ಸುತ್ತ ಬೊಜ್ಜು ಇದ್ದವರಿಗೆ ಮೈಯೊಳಗೆ ಸಣ್ಣ ಉರಿಯೂತ ಯಾವಾಗಲೂ ಇರುತ್ತದೆ, ಅದೂ ರೋಗನಿರೋಧಕ ಶಕ್ತಿಯನ್ನು ಹದಗೆಡಿಸುತ್ತದೆ. ಸಾಲದ್ದಕ್ಕೆ, ಸ್ಟೀರಾಯ್ಡ್ ಕೂಡ ಆ ಶಕ್ತಿಯನ್ನು ತಗ್ಗಿಸುವ ಔಷಧಿಯೇ. ಹಾಗಾಗಿ ವೈರಸ್ ಹೋದರೂ ಬಾಗಿಲು ತೆರೆದೇ ಇರುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹಿಂದೆಯೇ ಕಪ್ಪು ಶಿಲೀಂಧ್ರ ಬಂದದ್ದು ನೆನಪಿರಬಹುದು. ಹಾಗೆ ನರಳಿದವರಲ್ಲಿ ಹೆಚ್ಚಿನವರು ಶುಗರ್ ಇದ್ದವರು, ಸ್ಟೀರಾಯ್ಡ್ ತೆಗೆದುಕೊಂಡವರು.

"ಊಟಾನೇ ಮಾಡಿಲ್ಲ, ಶುಗರ್ ಎಲ್ಲಿಂದ ಬರ್ತದೆ? ಇವತ್ತು ಇಂಜೆಕ್ಷನ್ ಬ್ಯಾಡ ಬಿಡವ್ವ" ಅಂತ ಅತ್ತೆ ಹಟ ಹಿಡಿದಿದ್ದರು. ಇನ್ಸುಲಿನ್ನನ್ನು ಹಾಗೆ ನಾವೇ ನಿಲ್ಲಿಸಬಾರದು. ಜ್ವರದಲ್ಲಿ ಮೈ ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ, ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಉಪವಾಸವಿದ್ದರೂ ಏರುತ್ತದೆ. ಎಷ್ಟು ಯೂನಿಟ್ ಹಾಕಬೇಕು ಎಂದು ಫೋನ್ ಮಾಡಿ ಕೇಳಿ. ವಾಂತಿ ಭೇದಿ ಇದ್ದರೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳನ್ನು ಸ್ವಲ್ಪ ದಿನ ನಿಲ್ಲಿಸಬೇಕೇ ಅಂತಲೂ ಅವತ್ತೇ ಕೇಳಿ. ಮೈಯಲ್ಲಿ ನೀರಿಲ್ಲದಾಗ ಅವು ಅಪಾಯ ತರಬಲ್ಲವು.

ಊಟದ ವಿಷಯ. ಬರೀ ಅಕ್ಕಿ ಗಂಜಿ ಶುಗರ್ ಬೇಗ ಏರಿಸುತ್ತದೆ, ಮಂಡಕ್ಕಿಯೂ ಹಾಗೆಯೇ. ನಾನು ಗಂಜಿಗೆ ಅರ್ಧದಷ್ಟು ಹೆಸರುಬೇಳೆ ಸೇರಿಸಿ ಬೇಯಿಸುತ್ತಿದ್ದೆ. ನೆಂಟರು ಬೆಲ್ಲ ಹಾಕಿ ಕಾಸಿಕೊಟ್ಟ ಕಷಾಯಕ್ಕೆ ಬದಲು ಬೆಲ್ಲವಿಲ್ಲದೆ ಮೆಣಸು ಜೀರಿಗೆ ಹಾಕಿ ಕುದಿಸಿದೆ. ಕೆಮ್ಮಿನ ಸಿರಪ್ ಕೊಳ್ಳುವಾಗ ಸಕ್ಕರೆ ಇಲ್ಲದ್ದು ಅಂತ ಕೇಳಿ ತನ್ನಿ. ಭೇದಿಯಾದರೆ ಓಆರ್‌ಎಸ್ ಕೊಡಲು ಹೆದರಬೇಡಿ, ಒಂದು ಲೀಟರಿನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್ ಅಷ್ಟೆ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಎಷ್ಟು ನೀರು, ಎಳನೀರು ಕೊಡಬಹುದೇ ಎಂಬುದನ್ನು ಡಾಕ್ಟರೇ ಹೇಳಬೇಕು.

ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಕಾಲು ನೋಡಿ. ಬೆರಳ ಸಂದಿ ಬಿಡಿಸಿ ನೋಡಿ. ಹನ್ನೊಂದನೇ ದಿನ ಅತ್ತೆಯ ಹೆಬ್ಬೆರಳಿನ ಬುಡದಲ್ಲಿ, ಚಪ್ಪಲಿಯ ಉಂಗುಷ್ಠ ಉಜ್ಜುವ ಜಾಗದಲ್ಲಿ, ಅವರೆಕಾಳಿನಷ್ಟು ಗುಳ್ಳೆ ಒಡೆದು ಸುತ್ತ ಕೆಂಪಾಗಿತ್ತು. "ನೋವಾಗ್ಲಿಲ್ವಾ ಅತ್ತೆ?" ಅಂದೆ. "ಏನೂ ಇಲ್ಲವಲ್ಲ" ಅಂದರು. ಹಳೇ ಶುಗರಿಗೆ ಪಾದ ಜೋಮು ಹಿಡಿದು ನೋವೇ ತಿಳಿಯುವುದಿಲ್ಲ. ಮರುದಿನವೇ ತೋರಿಸಿದ್ದರಿಂದ ಡ್ರೆಸಿಂಗಿನಲ್ಲೇ ಮುಗಿಯಿತು. ಕಾಲಿನ ಜೊತೆಗೆ ನಾಲಿಗೆ ಮೇಲೆ ಬಿಳಿ ಪದರವಿದೆಯೇ ನೋಡಿ, ಉರಿಮೂತ್ರ ಇದೆಯೇ ಕೇಳಿ. ಸಂಕೋಚಕ್ಕೆ ಅವರಾಗಿ ಹೇಳುವುದಿಲ್ಲ.

ಶುಗರ್ ಎರಡು ಸಲ 300 ದಾಟಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಜೋರು ಉಸಿರು, ಮಂಪರು ಕಂಡರೆ ಆಸ್ಪತ್ರೆಗೆ ಹೊರಡಿ. ಮುಖದ ಒಂದೇ ಕಡೆ ನೋವು, ಊತ, ಮೂಗಿನಿಂದ ಕಪ್ಪು ಸಿಂಬಳ, ಕಣ್ಣಿಗೆ ಎರಡೆರಡು ಕಾಣುವುದು, ಇವಕ್ಕಂತೂ ಬೆಳಗಾಗಲಿ ಅಂತ ಕಾಯಲೇಬೇಡಿ.

ಚೇತರಿಸಿಕೊಂಡ ಮೇಲೆ ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಕೇಳಿ. ಫ್ಲೂ ಲಸಿಕೆ ಪ್ರತಿವರ್ಷ ಹಾಕಿಸಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಜ್ವರವಾಗಿ ಮೂರು ತಿಂಗಳಿಗೆ ಮಾಡಿಸಿದರೆ ಶುಗರ್ ನಿಜವಾಗಿ ಹತೋಟಿಗೆ ಬಂತೇ ಎಂದು ಗೊತ್ತಾಗುತ್ತದೆ. ಆ ತಾರೀಖನ್ನು ನಾನು ಅದೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಉಂಗುಷ್ಠದ ಚಪ್ಪಲಿ ಹೋಗಿ ಮೆತ್ತನೆಯ ಪಟ್ಟಿ ಚಪ್ಪಲಿ ಬಂದದ್ದು ಅದೇ ವಾರ.