ಬಚ್ಚಲ ಹೀಟರ್ ನಿಜಕ್ಕೂ ಎಷ್ಟು ವ್ಯಾಟ್? ಮನೆಯಲ್ಲೇ ಅಳೆದು ಲೆಕ್ಕ ಹಾಕುವ ಕ್ರಮ

ಮಳೆಗಾಲ ಹಿಡಿದು ಕಟ್ಟಿಗೆ ಒದ್ದೆಯಾಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅನೇಕ ಮನೆಗಳಲ್ಲಿ ಹಂಡೆಯ ಒಲೆ ಆರಿ, ನೀರು ಕಾಯಿಸುವ ರಾಡ್ ಹೊರಬರುತ್ತದೆ. ನೀರು ಬೇಗ ಕಾಯದಿದ್ದರೆ ರಾಡ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ತರುತ್ತಾರೆ. ಅದೂ ಹಾಗೆಯೇ ನಿಧಾನವಾಗಿ ಕಾಯಿಸುತ್ತದೆ. ದೋಷ ರಾಡಿನದೋ ವೈರಿನದೋ ಎಂಬುದನ್ನು ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹವನ್ನು ಅಳೆದು ಮನೆಯಲ್ಲಿಯೇ ತಿಳಿಯಬಹುದು.

ಲೆಕ್ಕ ಸರಳವಾದುದು. ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ವೋಲ್ಟ್‌ಗಳನ್ನು ಆಂಪಿಯರ್‌ಗಳಿಂದ ಭಾಗಿಸಿದರೆ ರೋಧವು ಓಮ್‌ಗಳಲ್ಲಿ ಸಿಗುತ್ತದೆ. ಅವೆರಡನ್ನೇ ಗುಣಿಸಿದರೆ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ಸಿಗುತ್ತದೆ. ಸೂತ್ರದಲ್ಲಿ ಎಡವುವವರು ಕಡಿಮೆ. ವೋಲ್ಟೇಜನ್ನು ಮೀಟರ್ ಬೋರ್ಡಿನ ಬಳಿ, ಪ್ರವಾಹವನ್ನು ಬಚ್ಚಲ ಬಳಿ ಅಳೆದು ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸುವುದು, ಅಥವಾ ವೋಲ್ಟೇಜ್ ಅಳೆಯದೆ ಲೇಬಲ್ಲಿನಲ್ಲಿರುವ 230ನ್ನೇ ಬಳಸುವುದು, ನಾನು ಮತ್ತೆ ಮತ್ತೆ ನೋಡುವ ತಪ್ಪುಗಳು. ಎರಡೂ ಅಳತೆಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಉಪಕರಣ ಚಾಲೂ ಇರುವಾಗಲೇ ಆಗಬೇಕು.

ಅದಕ್ಕಾಗಿ ಎರಡು ಸಾಕೆಟ್‌ಗಳಿರುವ 16 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಇದಕ್ಕೆಂದೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿಕೊಳ್ಳಿ. ಅದರ ವೈರಿನ ಹೊರ ಕವಚವನ್ನು ಒಂದು ಗೇಣಿನಷ್ಟು ತೆಗೆಸಿ, ಒಳಗಿನ ಫೇಸ್, ನ್ಯೂಟ್ರಲ್, ಅರ್ತ್ ವೈರುಗಳು ಬಿಡಿಬಿಡಿಯಾಗಿ ಕಾಣುವಂತೆ ಇರಿಸಬೇಕು. ಅವುಗಳ ಮೇಲಿನ ಬಣ್ಣದ ಇನ್ಸುಲೇಷನ್ನಿಗೆ ಗೀರು ಕೂಡ ಬೀಳಬಾರದು. ಬೋರ್ಡನ್ನು ಬಚ್ಚಲ ಹೊರಗಿನ ಒಣ ಜಾಗದಲ್ಲಿಟ್ಟು, ಒಣಗಿದ ಚಪ್ಪಲಿ ಮೆಟ್ಟಿ ನಿಂತು, ರಾಡನ್ನು ನೀರಿನಲ್ಲಿ ಮುಳುಗಿಸಿದ ಮೇಲೆಯೇ ಸ್ವಿಚ್ ಹಾಕಿ.

ಈಗ ಕ್ಲ್ಯಾಂಪ್ ಮೀಟರಿನ, ಅಂದರೆ ವೈರನ್ನು ಕತ್ತರಿಸದೆ ಸುತ್ತ ಹಿಡಿದು ಪ್ರವಾಹ ಅಳೆಯುವ ಮೀಟರಿನ, ದವಡೆಯೊಳಗೆ ಫೇಸ್ ವೈರನ್ನು ಮಾತ್ರ ಹಿಡಿಯಬೇಕು. ಇಡೀ ಕೇಬಲ್ಲನ್ನು ಹಿಡಿದರೆ ಫೇಸಿನಲ್ಲಿ ಹೋಗುವ ಪ್ರವಾಹವೂ ನ್ಯೂಟ್ರಲಿನಲ್ಲಿ ಮರಳುವ ಪ್ರವಾಹವೂ ಒಂದನ್ನೊಂದು ರದ್ದುಗೊಳಿಸಿ, ರಾಡ್ ಕುದಿಯುತ್ತಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಮೀಟರ್ ಹಾಳಾಗಿದೆ ಎಂದು ಅದನ್ನು ಅಂಗಡಿಗೆ ಮರಳಿಸುವವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲಿಯೇ. ದವಡೆಯ ಎರಡು ತುದಿಗಳು ಪೂರ್ತಿ ಕೂಡಿರಬೇಕು. ನಡುವೆ ಕಸ ಸಿಕ್ಕಿಕೊಂಡಿದ್ದರೂ ಅಳತೆ ಕೆಡುತ್ತದೆ. ಕ್ಲ್ಯಾಂಪ್ ಮೀಟರ್ ಇಲ್ಲವೆಂದು ಸಾದಾ ಮಲ್ಟಿಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು ಅದರ ಕಡ್ಡಿಗಳನ್ನು ಸಾಕೆಟ್ಟಿಗೆ ಚುಚ್ಚುವುದು ಪ್ರಾಣಕ್ಕೆ ಅಪಾಯ, ಏಕೆಂದರೆ ಆ ಸ್ಥಾನದಲ್ಲಿ ಮೀಟರಿನ ಒಳರೋಧ ಬಹಳ ಕಡಿಮೆಯಿದ್ದು ನೇರ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಪ್ರವಾಹ ಓದಿದ ಕೂಡಲೇ, ರಾಡ್ ಚಾಲೂ ಇರುವಂತೆಯೇ, ಬೋರ್ಡಿನ ಇನ್ನೊಂದು ಸಾಕೆಟ್ಟಿನಲ್ಲಿ ಎಸಿ ವೋಲ್ಟೇಜ್ ಓದಿಕೊಳ್ಳಿ.

ಬೋರ್ಡಿನಲ್ಲಿ 198 ವೋಲ್ಟ್, 7.5 ಆಂಪಿಯರ್ ಬಂತು ಎಂದುಕೊಳ್ಳೋಣ. ರೋಧ 198 ÷ 7.5 = 26.4 ಓಮ್; ಸಾಮರ್ಥ್ಯ 198 × 7.5 = 1485 ವ್ಯಾಟ್. ರಾಡಿನ ಮೇಲೆ 2000 ವ್ಯಾಟ್ ಎಂದು ಬರೆದಿದ್ದರೆ ಅದನ್ನು ದೂರುವ ಮೊದಲು ಇನ್ನೊಂದು ಲೆಕ್ಕ ಮಾಡಬೇಕು. ರಾಡಿನ ತಂತಿಯ ರೋಧ ಬಿಸಿಯಿಂದ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ, ಲೇಬಲ್ಲಿನ 230 ವೋಲ್ಟ್ ಸಿಕ್ಕರೆ ಎಷ್ಟು ವ್ಯಾಟ್ ಎಂದು ನೋಡಲು ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಬೇಕು: 230ರ ವರ್ಗವಾದ 52,900ನ್ನು 26.4ರಿಂದ ಭಾಗಿಸಿದರೆ ಸುಮಾರು 2004 ವ್ಯಾಟ್ ಬರುತ್ತದೆ. ರಾಡ್ ಸರಿಯಾಗಿದೆ, ಅದಕ್ಕೆ ತಲುಪುವ ವೋಲ್ಟೇಜ್ ಸಾಲದು. ಇಲ್ಲಿ ವೋಲ್ಟೇಜ್ ಶೇ. 14ರಷ್ಟು ಇಳಿದರೆ ಶಾಖ ಶೇ. 26ರಷ್ಟು ಇಳಿದಿದೆ. ತಂತಿಯ ಹಳೆಯ ಬಲ್ಬಿಗೆ ಈ ವಿಧಾನ ಒಗ್ಗುವುದಿಲ್ಲ, ಏಕೆಂದರೆ ಅದು ತಣ್ಣಗಿರುವಾಗಿನ ರೋಧ ಉರಿಯುವಾಗಿನ ರೋಧದ ಸುಮಾರು ಹತ್ತನೇ ಒಂದು ಭಾಗ ಮಾತ್ರ.

ಇಲ್ಲಿಂದ ಮುಂದಿನದೇ ನಮ್ಮ ಕಡೆಯ ಮನೆಗಳಿಗೆ ಹೆಚ್ಚು ಬೇಕಾದದ್ದು. ರಾಡ್ ಚಾಲೂ ಇರುವಾಗಲೇ ಇನ್ನೊಬ್ಬರು ಮೀಟರ್ ಬೋರ್ಡಿನ ಬಳಿಯ ಸಾಕೆಟ್ಟಿನಲ್ಲಿ ವೋಲ್ಟೇಜ್ ಓದಲಿ. ಅಲ್ಲಿ 222 ಇದ್ದರೆ ಕೊಟ್ಟಿಗೆಯನ್ನು ಸುತ್ತಿಕೊಂಡು ಬಚ್ಚಲಿಗೆ ಬಂದಿರುವ ವೈರಿನಲ್ಲಿ 24 ವೋಲ್ಟ್ ಉಳಿದುಹೋಗಿದೆ ಎಂದರ್ಥ. ಆ ದಾರಿಯ ರೋಧ 24 ÷ 7.5 = 3.2 ಓಮ್, ಅಲ್ಲಿ ವ್ಯರ್ಥವಾಗುವ ಶಾಖ 24 × 7.5 = 180 ವ್ಯಾಟ್. ಇದರ ಬೆಲೆಯನ್ನೂ ನೀವೇ ಬಿಲ್ಲಿನಲ್ಲಿ ತೆರುತ್ತೀರಿ. ವೈರ್ ತೆಳುವಾಗಿದ್ದರೆ ಈ ಶಾಖ ಉದ್ದಕ್ಕೂ ಹಂಚಿಹೋಗುತ್ತದೆ, ಆದರೆ ಟೇಪ್ ಸುತ್ತಿದ ಸಡಿಲ ಜಾಯಿಂಟೊಂದರಲ್ಲಿ ಅದರ ಬಹುಪಾಲು ಹುಟ್ಟಿದರೆ ಬೆಂಕಿಗೆ ಅಷ್ಟೇ ಸಾಕು. ಐವತ್ತು ಮೀಟರ್ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ನಡುವೆ ಜಾಯಿಂಟ್ ಇಲ್ಲದಂತೆ ಎಳೆಸಿದರೆ, ಹೋಗಿ ಬರುವ ನೂರು ಮೀಟರಿನ ರೋಧ ಅರ್ಧ ಓಮಿಗಿಂತ ಕಡಿಮೆಯಿರುತ್ತದೆ. ನಾನಂತೂ ಹೊಸ ರಾಡಿಗೆ ಮುನ್ನ ಈ ವೈರಿಗೇ ಹಣ ಹಾಕಿ ಎನ್ನುತ್ತೇನೆ. ಶರಾವತಿ ಕಣಿವೆಯ ವಿದ್ಯುತ್ತು 220 ಕಿಲೋವೋಲ್ಟಿನ ಮಾರ್ಗಗಳಲ್ಲಿ ಸಾಗುವುದೂ ಇದೇ ಕಾರಣಕ್ಕೆ: ವೋಲ್ಟೇಜ್ ಹೆಚ್ಚಿಸಿ ಪ್ರವಾಹ ತಗ್ಗಿಸಿದರೆ ತಂತಿಯಲ್ಲಿನ ನಷ್ಟ ಪ್ರವಾಹದ ವರ್ಗದಂತೆ ಇಳಿಯುತ್ತದೆ. ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ ಇಳಿಯುತ್ತದೆಂದು ಮಾರುವ ಪುಟ್ಟ ಡಬ್ಬಿಗಳು ಈ ನಷ್ಟವನ್ನು ತಪ್ಪಿಸಲಾರವು, ಅವನ್ನು ಕೊಳ್ಳಬೇಡಿ.

ತೋಟದ ಪಂಪಿನ ಮೋಟಾರಿಗೆ ಈ ಲೆಕ್ಕವನ್ನು ಹಾಗೆಯೇ ಹಚ್ಚಬಾರದು. ಅಲ್ಲಿ ವೋಲ್ಟ್, ಆಂಪಿಯರ್‌ಗಳ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) ಗುಣಿಸಬೇಕು: ಸಿಂಗಲ್ ಫೇಸ್ ಮೋಟಾರೊಂದು 230 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತಿದ್ದು ಪವರ್ ಫ್ಯಾಕ್ಟರ್ 0.8 ಇದ್ದರೆ ಅದು 1104 ವ್ಯಾಟ್, 1380 ಅಲ್ಲ. ಭಾಗಾಕಾರದಿಂದ ಬರುವ ಅಂಕಿಯೂ ಅದರ ಸುರುಳಿಯ ರೋಧವಾಗಿರುವುದಿಲ್ಲ. ವೋಲ್ಟೇಜ್ ಇಳಿದಾಗ ರಾಡ್ ಕಡಿಮೆ ಪ್ರವಾಹ ಎಳೆದರೆ, ನೀರೆತ್ತುತ್ತಿರುವ ಮೋಟಾರ್ ಸಾಮಾನ್ಯವಾಗಿ ಹೆಚ್ಚು ಎಳೆದು ಬಿಸಿಯಾಗುತ್ತದೆ. ಆದ್ದರಿಂದ ಕ್ಲ್ಯಾಂಪ್ ಮೀಟರಿನ ಅಂಕಿ ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರನ್ನು ಮೀರಿ ನಿಂತರೆ ಪಂಪನ್ನು ಆಗಲೇ ನಿಲ್ಲಿಸಿ, ವೋಲ್ಟೇಜ್ ಸುಧಾರಿಸಿದ ಮೇಲೆ ಚಾಲೂ ಮಾಡಿ.