ಬೂದಿ ಎಷ್ಟು ಅಂತ ಕೇಳದೆ ಕಳೆದುಕೊಂಡ ಬೀಜ

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲಿತ್ತು: "ಅಲಸಂದೆ ಬೀಜಕ್ಕೆ ಬೂದಿ ಬೆರೆಸಿ ಇಡಬೇಕು." ಹಿರಿಯರಿಗೆ ಗೊತ್ತಿರುವುದನ್ನೆಲ್ಲ ಬರೆದಿಡೋಣ ಅಂತ ಹೊರಟ ಹುಮ್ಮಸ್ಸು. ದೊಡ್ಡಮ್ಮ ಹೇಳಿದರು, ನಾನು ಬರೆದುಕೊಂಡೆ. ಆ ವರ್ಷ ಬೀಜದ ಡಬ್ಬಕ್ಕೆ ನಾನೇ ಎರಡು ಹಿಡಿ ಬೂದಿ ಹಾಕಿ ಮುಚ್ಚಿಟ್ಟೆ. ಮೂರು ತಿಂಗಳು ಬಿಟ್ಟು ತೆಗೆದರೆ ಕಾಳಿಗೊಂದು ತೂತು! ಇದೇ ಒಂದು ಸಾಲಿನ ಸಲಹೆ ಜೊತೆ ಇನ್ನೂ ಮೂರು ಮನೆಗೆ ಬೀಜ ಕೊಟ್ಟಿದ್ದೆ ಬೇರೆ.

ದೊಡ್ಡಮ್ಮ ಬೈಯಲಿಲ್ಲ. "ಎಷ್ಟು ಅಂತ ನೀನು ಕೇಳ್ಲೇ ಇಲ್ವಲ್ಲ" ಅಂದರು.

ಮುಂದಿನ ಸುಗ್ಗಿಗೆ ಪೆನ್ನು ಬದಿಗಿಟ್ಟು ಅವರ ಜೊತೆ ಕೂತೆ. ಕೇಳಿದರೆ ಬಾಯಿಗೆ ಬರದ ಎಷ್ಟೋ ಮಾತು ಕೈ ಆಡುವಾಗ ತಾನಾಗಿ ಬಂತು. ಮೊದಲು ಕಾಳನ್ನು ಕಚ್ಚಿ ನೋಡಿದರು; ಹಲ್ಲು ಊರಿದರೆ ಇನ್ನೊಂದು ಬಿಸಿಲು ಬೇಕು, ಟಕ್ ಅಂತ ಒಡೆದರೆ ಸಾಕು. ಬೂದಿ ಪೂರ್ತಿ ಆರಿರಬೇಕು, ಜರಡಿ ಹಿಡಿದಿರಬೇಕು. ಅಳತೆ? ಒಂದು ಡಬ್ಬ ಕಾಳಿಗೆ ಒಂದು ಡಬ್ಬ ಬೂದಿ. ಸಂದಿ ಉಳಿಯದ ಹಾಗೆ ತಟ್ಟಿ ತಟ್ಟಿ ತುಂಬಿ, ಮೇಲೆ ಬೂದಿಯದ್ದೇ ಒಂದು ಪದರ. ಹೊಲದಲ್ಲೇ ಕಾಯಿಯ ಮೇಲೆ ಹುಳ ಮೊಟ್ಟೆ ಇಟ್ಟಿರುತ್ತದೆ, ಅದು ಕಾಳಿನೊಳಗೆ ಬೆಳೆದು ಹೊರಗೆ ಬಂದಾಗ ಓಡಾಡಿ ಜೋಡಿ ಸೇರಿ ಇನ್ನೊಂದು ಕಾಳಿನ ಮೇಲೆ ಮೊಟ್ಟೆ ಇಡಲು ಜಾಗವೇ ಇಲ್ಲದಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ನನ್ನ ಎರಡು ಹಿಡಿ ಬೂದಿ ಕಾಳಿಗೆ ಸುಮ್ನೆ ಪೌಡರ್ ಹಚ್ಚಿದ ಹಾಗಾಗಿತ್ತು, ಅಷ್ಟೆ.

ಈಗ ಬೀಜ ಬೇಕು ಅನ್ನುವವರು ಒಂದು ಸಲ ಬಂದು ತಮ್ಮ ಕೈಯಾರೆ ಡಬ್ಬ ತುಂಬಿಸಿಕೊಂಡು ಹೋಗಬೇಕು. ದೊಡ್ಡಮ್ಮ ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ, ಓದು ಬರದವರಿಗೂ ಆಗುತ್ತದೆ. ಚೀಟಿಯಲ್ಲಿ ಯಾವ ವರ್ಷದ ಬೀಜ, ಯಾವ ಮಣ್ಣಿನದು, ಯಾರು ಹೇಳಿದ ವಿಧಾನ, ಇಷ್ಟಿರುತ್ತದೆ. ಬೆಳೆ ಬಂದ ಮೇಲೆ ಎರಡರಷ್ಟು ಬೀಜ ವಾಪಸ್, ಜೊತೆಗೆ ಎಲ್ಲಿ ಎಡವಟ್ಟಾಯಿತು ಅನ್ನುವುದೂ. ನಿಜ ಹೇಳಬೇಕೆಂದರೆ ನನಗೆ ಆ ಎಡವಟ್ಟಿನ ಕಥೆಯೇ ಜಾಸ್ತಿ ಬೇಕು.

ಬರೆದಿಟ್ಟರೆ ಯಾರಾದರೂ ಕದಿಯುತ್ತಾರೆ ಅಂತ ಕೆಲವರಿಗೆ ಭಯ. ತಪ್ಪೇನಿಲ್ಲ. ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಆದರೆ 1997ರಲ್ಲಿ ಅದು ರದ್ದಾಗಿದ್ದು ಹಳೆಯ ಬರಹಗಳನ್ನು ಪುರಾವೆಯಾಗಿ ತೋರಿಸಿದ್ದರಿಂದಲೇ ಅಲ್ವಾ? ಹಾಗಂತ ಎಲ್ಲವನ್ನೂ ಎಲ್ಲರಿಗೂ ಹಂಚುವುದಿಲ್ಲ. ಔಷಧಿ ಗಿಡವೊಂದರ ಬಗ್ಗೆ ಹೇಳಿದ ಹಿರಿಯರೊಬ್ಬರು ಮಾರನೇ ದಿನ ಬಂದು "ಅದು ನಮ್ಮ ಮನೆಯಲ್ಲೇ ಇರಲಿ" ಅಂದರು. ಆ ಹಾಳೆ ಹರಿದು ಅವರ ಕೈಗೇ ಕೊಟ್ಟೆ.

ಕಳೆದ ಸಲ ಬೀಜ ವಾಪಸ್ ತಂದವರೊಬ್ಬರು ಬೂದಿ ಸಿಗದೆ ಒಣಗಿದ ಸಣ್ಣ ಮರಳು ಹಾಕಿದ್ದರು, ಹುಳ ಬಿದ್ದಿಲ್ಲವಂತೆ. ದೊಡ್ಡಮ್ಮ ಇನ್ನೂ ಒಪ್ಪಿಲ್ಲ. ಎರಡೂ ಡಬ್ಬ ಪಕ್ಕಪಕ್ಕ ಇಟ್ಟಿದ್ದೇನೆ.