ನಾಲ್ಕೋ ಐದೋ: ಹರಿಕೇನ್ ಗಾಳಿಯನ್ನು ನಾನು ಲೆಕ್ಕ ಹಾಕುವ ರೀತಿ

ವಿಮೆ ಲೆಕ್ಕಕ್ಕೆ ಹರಿಕೇನ್‌ಗಳ, ಅಂದರೆ ಅಮೆರಿಕದ ಕಡೆಯ ಚಂಡಮಾರುತಗಳ, ಗಾಳಿ ಅಂದಾಜು ಮಾಡಿಕೊಡುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು ‘ಎಷ್ಟನೇ ಕೆಟಗರಿ?’ ಅಂತ, ಅಂದರೆ ಗಾಳಿಯ ವೇಗ ನೋಡಿ ಒಂದರಿಂದ ಐದರವರೆಗೆ ಕೊಡುವ ದರ್ಜೆ. ನನ್ನ ವರದಿಯಲ್ಲಿ ಆ ಜಾಗವನ್ನು ನಾನು ತುಂಬುವುದೇ ಕೊನೆಗೆ.

2018ರ ಅಕ್ಟೋಬರ್ 10ರಂದು ಮೈಕಲ್ ಅನ್ನುವ ಹರಿಕೇನ್ ಫ್ಲಾರಿಡಾದ ಮೆಕ್ಸಿಕೋ ಬೀಚ್ ಹತ್ತಿರ ಅಪ್ಪಳಿಸಿತು. ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್ ಅವತ್ತು ಹೇಳಿದ್ದು ಗಂಟೆಗೆ 155 ಮೈಲಿ, ನಾಲ್ಕನೇ ಕೆಟಗರಿ. 2019ರ ಏಪ್ರಿಲ್‌ನಲ್ಲಿ 160 ಮಾಡಿ ಐದಕ್ಕೆ ಏರಿಸಿದರು. ಆಗ ಎಷ್ಟು ವಾದ ಅಂತೀರಿ! ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.15 ಮೈಲಿ) ನೋಡಿದರೆ ವಿಷಯ ಸಣ್ಣದು. ಸೆಂಟರ್‌ನವರು ವೇಗವನ್ನು ಐದೈದು ನಾಟ್ ಲೆಕ್ಕದಲ್ಲೇ ಕೊಡುತ್ತಾರೆ. ಐದನೇ ಕೆಟಗರಿ ಶುರುವಾಗುವುದು 137ಕ್ಕೆ. 135 ಇದ್ದದ್ದು 140 ಆಯಿತು, ಅಷ್ಟೇ. ಈ ವ್ಯತ್ಯಾಸ ಮಾಮೂಲಿ ಅನಿಶ್ಚಿತತೆಯ ಒಳಗೇ ಇದೆ ಅಂತ ಅವರೇ ಹೇಳಿದ್ದರು.

ನಮಗೆ ಬೇಕಾದ್ದು 10 ಮೀಟರ್ ಎತ್ತರದಲ್ಲಿ ಒಂದು ನಿಮಿಷದ ಸರಾಸರಿ ಗಾಳಿ, ಅದೂ ಅತಿ ಜೋರಾಗಿ ಬೀಸುವ ಕಡೆ. ಸರಿಯಾಗಿ ಅಲ್ಲೇ ಮಾಪಕ ಇರುವುದು ಅಪರೂಪ. ಇದ್ದರೂ ಎಷ್ಟೋ ಸಲ ಮುರಿದು ಬೀಳುತ್ತದೆ. ಹಾಗಾಗಿ ನಾನು ಮೊದಲು ತೆಗೆಯುವುದು ಹರಿಕೇನ್ ಒಳಗೆ ಹಾರಿ ಅಳೆಯುವ ವಿಮಾನದ ದತ್ತಾಂಶ. ಸುಮಾರು 3 ಕಿಲೋಮೀಟರ್ ಎತ್ತರದಲ್ಲಿ ಅಳೆದ ಗಾಳಿಯ 90 ಶೇಕಡಾ ಕೆಳಗಿರುತ್ತದೆ ಅನ್ನುವುದು ರೂಢಿಯ ಲೆಕ್ಕ. ಮೇಲೆ 150 ನಾಟ್ ಇದ್ದರೆ ಕೆಳಗೆ 135. ಆದರೆ 90 ಅನ್ನುವುದು ಸರಾಸರಿ. ಅದನ್ನು 94 ಮಾಡಿ ನೋಡಿ, 141 ಬರುತ್ತದೆ. ಕೆಟಗರಿಯೇ ಬದಲಾಯಿತಲ್ವಾ? ಅದಕ್ಕೇ 88ರಿಂದ 94ರವರೆಗೆ ಎಲ್ಲವನ್ನೂ ಹಾಕಿ ನೋಡುತ್ತೇನೆ.

ಆಮೇಲೆ ರೇಡಿಯೋಮೀಟರ್. ಸಮುದ್ರದ ನೊರೆಯಿಂದ ಹೊಮ್ಮುವ ಮೈಕ್ರೋವೇವ್ ಹಿಡಿದು ಗಾಳಿ ಹೇಳುವ ಉಪಕರಣ ಇದು. ತೀರದ ಹತ್ತಿರ ನೀರು ಆಳ ಇಲ್ಲದ ಕಡೆ ಅಲೆ ಒಡೆದು ಸುಮ್ನೆ ನೊರೆ ಜಾಸ್ತಿಯಾಗುತ್ತದೆ. ಅಲ್ಲಿ ಅದರ ಮಾತನ್ನು ಪೂರ್ತಿ ನಂಬಲ್ಲ. ವಿಮಾನದಿಂದ ಬೀಳಿಸುವ ಅಳತೆ ಉಪಕರಣ ಡ್ರಾಪ್‌ಸಾಂಡ್ ಒಂದು ಕ್ಷಣದ ಬಿರುಸನ್ನೇ ಹಿಡಿದಿರಬಹುದು. ಅದರಲ್ಲಿ ಕೆಳಗಿನ 150 ಮೀಟರ್‌ನ ಸರಾಸರಿ ತೆಗೆದುಕೊಳ್ಳುತ್ತೇನೆ.

ಹಾನಿ ನೋಡಿ ಕೆಟಗರಿ ಹೇಳುವವರ ಜೊತೆ ನಾನು ವಾದಕ್ಕೆ ಹೋಗಲ್ಲ. 2005ರ ಕಟ್ರಿನಾ ಲೂಸಿಯಾನಾ ತೀರಕ್ಕೆ ಬಂದಾಗ ನಾಲ್ಕು ಅಂದಿದ್ದರು, ಮರುಪರಿಶೀಲನೆಯಲ್ಲಿ ಮೂರಾಯಿತು. ಅಲ್ಲಿ ಊರು ಮುಳುಗಿಸಿದ್ದು ನೀರು. ಕೆಟಗರಿ ಅಳೆಯುವುದು ಗಾಳಿಯನ್ನು.

ದುಡ್ಡಿನ ವಿಷಯದಲ್ಲಿ ನನ್ನನ್ನು ಎಚ್ಚರಿಸಿದ್ದು ಮೆಕ್ಸಿಕೋದ ಪಟ್ರೀಷಿಯಾ, 2015. ಅಲ್ಲಿಯ ವಿಪತ್ತು ಬಾಂಡ್ (ಗೊತ್ತುಮಾಡಿದಷ್ಟು ದೊಡ್ಡ ವಿಪತ್ತು ಬಂದರೆ ದುಡ್ಡು ಕೊಡುವ ಬಾಂಡ್) ನಿಂತಿದ್ದು ಗಾಳಿಯ ಮೇಲಲ್ಲ, ತೀರ ದಾಟುವಾಗಿನ ವಾಯುಭಾರದ ಮೇಲೆ. 920 ಮಿಲಿಬಾರ್ ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ ಪೂರ್ತಿ 10 ಕೋಟಿ ಡಾಲರ್. ಅವತ್ತಿನ ಪ್ರಕಟಣೆಯಲ್ಲಿ ಇದ್ದದ್ದೂ 920ನೇ. ಆದರೆ ವಿಮಾನದ ಕೊನೆಯ ಅಳತೆ ಮುಗಿದು ಗಂಟೆಗಳಾಗಿದ್ದವು, ಅಷ್ಟರಲ್ಲಿ ಚಂಡಮಾರುತ ಬೇಗ ಸೊರಗಿತ್ತು. ಕೊನೆಗೆ ನೆಲದ ಮೇಲಿನ ಅಳತೆಗಳನ್ನು ಸೇರಿಸಿ 932 ಅಂತ ತೀರ್ಮಾನ ಮಾಡಿದರು. ಬಾಂಡ್ ಕೊಟ್ಟಿದ್ದು ಅರ್ಧ, 5 ಕೋಟಿ. ನೆಲದ ಮೇಲಿನ ಆ ಅಳತೆಗಳಲ್ಲಿ ಒಂದು, ಚಂಡಮಾರುತ ಬೆನ್ನಟ್ಟಿ ಹೋದವರೊಬ್ಬರು ಹೋಟೆಲ್‌ನಲ್ಲಿ ಕೂತು ದಾಖಲಿಸಿದ್ದು.

ಈಗ ಕಡತ ತೆರೆದ ಕೂಡಲೇ ವಾಯುಭಾರದ ಅಳತೆಗಳನ್ನು ಒಟ್ಟುಮಾಡುತ್ತೇನೆ. ಯಾರು, ಎಲ್ಲಿ, ಯಾವ ಉಪಕರಣದಲ್ಲಿ ಅಳೆದರು ಅಂತ ಪಕ್ಕದಲ್ಲೇ ಬರೆಯುತ್ತೇನೆ. ಗಾಳಿಗೆ ಮಾತ್ರ ಒಂದೇ ಸಂಖ್ಯೆ ಕೊಡಲ್ಲ, ಇಷ್ಟರಿಂದ ಇಷ್ಟರವರೆಗೆ ಅಂತ ಕೊಡುತ್ತೇನೆ.